ಗಾರ್ಡ್ ಮಾವನ ಜೊತೆ ವುಲ್ವರಿನ್ ಗಾಡಿಯಲ್ಲಿ ಮೂರು ದಿನ

ಮಾವ ಅಮೆರಿಕಕ್ಕೆ ಬಂದು ಐದು ವಾರವಾಗಿತ್ತು. ನನ್ನ ಸೋದರಮಾವ, ಅರಸೀಕೆರೆಯವರು. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಅವರಿಗೆ ತೋರಿಸೋಕೆ ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ನಯಾಗರಾ ಆಯ್ತು, ದೇವಸ್ಥಾನ ಆಯ್ತು, ಕಾಸ್ಟ್ಕೋ ಎರಡು ಸಲ ಆಯ್ತು. ರಾತ್ರಿ ಹೊತ್ತು ದೂರದಲ್ಲಿ ಗೂಡ್ಸ್ ಗಾಡಿಯ ಹಾರನ್ ಕೇಳಿದಾಗಲೆಲ್ಲ ಎದ್ದು ಕಿಟಕಿ ಹತ್ತಿರ ನಿಲ್ಲುತ್ತಿದ್ದರು. "ಸದ್ದು ಮಾತ್ರ ಕೇಳುತ್ತೆ ಕಣೋ, ಗಾಡಿ ಕಾಣಲ್ಲ" ಅಂತ ಬೆಳಿಗ್ಗೆ ದೂರು.

ಹಾಗಾಗಿ ನಮ್ಮ ಹಳೇ ಕಾಲೇಜು ಗುಂಪಿನವರು ಶಿಕಾಗೋ ಪಕ್ಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿ ಜೊತೆಗಿನ ಫುಟ್‌ಬಾಲ್ ಮ್ಯಾಚಿಗೆ ಈ ಸಲ ಎಲ್ಲರೂ ರೈಲಲ್ಲೇ ಹೋಗೋಣ ಅಂದಾಗ ನಾನು ಇಬ್ಬರ ಹೆಸರು ಕೊಟ್ಟೆ. ಮಾವನಿಗೆ ಮ್ಯಾಚಿನ ವಿಷಯ ಹೇಳಲೇ ಇಲ್ಲ. ರೈಲು ಅಂದೆ. ಮಧ್ಯಾಹ್ನವೇ ಬ್ಯಾಗ್ ರೆಡಿಯಾಗಿತ್ತು.

ಇಲ್ಲಿನ ಫುಟ್‌ಬಾಲ್ ಮೊಟ್ಟೆ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಅದರಲ್ಲೂ ಕಾಲೇಜು ತಂಡಗಳಿಗೆ ಇರುವ ಹುಚ್ಚು ಹೇಳತೀರದು. ನಾನು ಓದಿದ ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಮ್ಮಿನಲ್ಲಿ 1,07,601 ಸೀಟು. ಅದಿರುವ ಆನ್ ಆರ್ಬರ್ ಊರಿಗೆ ಊರೇ ಹೆಚ್ಚುಕಮ್ಮಿ ಅದರಲ್ಲಿ ಹಿಡಿಸುತ್ತದೆ. ಅಲ್ಲಿ ಮ್ಯಾಚ್ ಅಂದರೆ ನಮ್ಮನೆ ಹಬ್ಬ. ಪರ ಊರಿನ ಮ್ಯಾಚ್ ಅಂದರೆ ಬೀಗರ ಮನೆಗೆ ಹೋದ ಹಾಗೆ. ಸ್ವಲ್ಪ ಗತ್ತೂ ಬೇಕು, ಸ್ವಲ್ಪ ತಗ್ಗಿಯೂ ಇರಬೇಕು.

ಶುಕ್ರವಾರ, ಸೆಪ್ಟೆಂಬರ್ 28, 2018

ಬೆಳಿಗ್ಗೆ ಆರೂವರೆಗೇ ಆನ್ ಆರ್ಬರ್ ಸ್ಟೇಷನ್ನಿನಲ್ಲಿದ್ದೆವು. ಗಾಡಿ ಬರೋದು ಏಳು ದಾಟಿದ ಮೇಲೆ, ಆದರೆ ಮಾವನನ್ನು ಮನೆಯಲ್ಲಿ ಹಿಡಿದಿಡೋದು ಸಾಧ್ಯವಿರಲಿಲ್ಲ. ಈಗಿನ ಸ್ಟೇಷನ್ ಒಂದು ಸಣ್ಣ ಕಟ್ಟಡ, ನೋಡೋಕೆ ಏನೂ ಇಲ್ಲ. ಹತ್ತಿರದಲ್ಲೇ ಹಳೇ ಸ್ಟೇಷನ್ ಇದೆ. 1886ರ ಕಲ್ಲು ಕಟ್ಟಡ, ಈಗ ಹೋಟೆಲ್. ಅದರ ಹೆಸರು ಗ್ಯಾಂಡಿ ಡ್ಯಾನ್ಸರ್. ಹಾಗಂದ್ರೇನು ಅಂದರು. ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್‌ಗಳಿಗೆ ಇಲ್ಲಿ ಹಿಂದೆ ಹಾಗೆ ಕರೆಯುತ್ತಿದ್ದರು ಅಂದೆ. ಮಾವ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. "ಗ್ಯಾಂಗ್‌ಮನ್ ಹೆಸರಲ್ಲಿ ಹೋಟೆಲು! ನಮ್ಮಲ್ಲಿ ಅವನಿಗೆ ಒಂದು ಟೀ ಕೊಡ್ಸಿದ್ರೆ ಹೆಚ್ಚು."

ಅಷ್ಟರಲ್ಲಿ ನಮ್ಮವರು ಒಬ್ಬೊಬ್ಬರೇ ಬಂದರು. ಒಟ್ಟು ಇಪ್ಪತ್ತೆರಡು ಜನ. ಎಲ್ಲರ ಮೈಮೇಲೂ ಹಳದಿ ಇಲ್ಲ ನೀಲಿ. ಯೂನಿವರ್ಸಿಟಿಯವರು ಆ ಹಳದಿಗೆ ಹಳದಿ ಅನ್ನುವುದಿಲ್ಲ, ಮೇಯ್ಜ್ ಅಂತಾರೆ, ಅಂದರೆ ಮೆಕ್ಕೆಜೋಳ. ನಾನು ಮಾವನಿಗೂ ಒಂದು ಜೋಳದ ಬಣ್ಣದ ಟೋಪಿ ತಂದಿದ್ದೆ. ಮಫ್ಲರ್ ಮೇಲೆ ಅದನ್ನು ಏರಿಸಿಕೊಂಡು, "ಯಾವ ಪಾರ್ಟಿ ಇದು?" ಅಂತ ಕೇಳಿದರು. ಆಗ ಮ್ಯಾಚಿನ ವಿಷಯ ಬಾಯಿಬಿಟ್ಟೆ. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಗಾಡಿ ಬರ್ತಾ ಇತ್ತು, ಅವರ ಕಣ್ಣು ಅಲ್ಲಿತ್ತು.

ಈ ಗಾಡಿಯ ಹೆಸರೇ ವುಲ್ವರಿನ್. ನಮ್ಮ ತಂಡದ ಹೆಸರೂ ಅದೇ. ಬೇಕಂತಲೇ ಜೋಡಿಸಿದ ಹಾಗಿದೆ, ಅಲ್ವಾ? ಡೆಟ್ರಾಯಿಟ್ ಕಡೆಯಿಂದ ಬಂದು ಶಿಕಾಗೋಗೆ ಹೋಗುತ್ತದೆ. ಆನ್ ಆರ್ಬರ್‌ನಿಂದ ಸುಮಾರು 390 ಕಿಲೋಮೀಟರ್, ನಾಲ್ಕೂವರೆ ಗಂಟೆ. ಪ್ಲಾಟ್‌ಫಾರ್ಮ್ ತಗ್ಗಾಗಿರುವುದರಿಂದ ಕಂಡಕ್ಟರ್ ಒಂದು ಹಳದಿ ಸ್ಟೂಲನ್ನು ಬಾಗಿಲ ಕೆಳಗೆ ಇಟ್ಟ. ಮಾವ ಹತ್ತುವ ಮೊದಲು ಆ ಸ್ಟೂಲನ್ನು ಕಾಲಿನಿಂದ ಅಲ್ಲಾಡಿಸಿ ನೋಡಿದರು.

ಹೊಳೆ ನೋಡಬೇಕು ಅಂದರೆ ಹತ್ತಿದ ಕೂಡಲೇ ಕಿಟಕಿ ಹಿಡಿಯಬೇಕು. ಊರು ಬಿಡುತ್ತಿದ್ದ ಹಾಗೆ ಹ್ಯೂರಾನ್ ಹೊಳೆ ಜೊತೆಯಾಗುತ್ತದೆ. ಗಾಡಿ ಅದನ್ನು ದಾಟುತ್ತದೆ, ಮತ್ತೆ ದಾಟುತ್ತದೆ. ನೀರಿನ ಮೇಲೆ ಮಂಜು ಎದ್ದಿತ್ತು. ಮರಗಳು ಆಗಷ್ಟೇ ಕೆಂಪಾಗೋಕೆ ಶುರುವಾಗಿದ್ದವು. ಚೆಲ್ಸಿಯಲ್ಲಿ ಜಿಫಿ ಹಿಟ್ಟಿನ ಮಿಲ್ಲಿನ ಬಿಳೀ ಗೋಪುರಗಳು ಹಳಿಗೆ ಅಂಟಿಕೊಂಡಂತೆ ನಿಂತಿವೆ. ಜ್ಯಾಕ್ಸನ್ ಸ್ಟೇಷನ್ 1873ರದ್ದು, ಇವತ್ತಿಗೂ ಅಲ್ಲೇ ಗಾಡಿ ನಿಲ್ಲುತ್ತದೆ. ಆಮೇಲೆ ಹೊಲವೋ ಹೊಲ. ಒಣಗಿ ನಿಂತ ಮೆಕ್ಕೆಜೋಳ, ಕಂದು ಬಣ್ಣಕ್ಕೆ ತಿರುಗಿದ ಸೋಯಾ. "ನಿಮ್ಮ ಪಾರ್ಟಿ ಬಣ್ಣ ಇಲ್ಲಿದೆ ನೋಡು" ಅಂದರು ಮಾವ.

ಟಿಕೆಟ್ ನೋಡಲು ಬಂದ ಕಂಡಕ್ಟರ್ ಫೋನನ್ನು ಬೀಪ್ ಮಾಡಿಕೊಂಡು, ನಮ್ಮ ತಲೆಯ ಮೇಲೆ ಒಂದು ಸಣ್ಣ ಚೀಟಿ ಸಿಕ್ಕಿಸಿದ. ಅದರ ಮೇಲೆ ಪೆನ್ನಿನಲ್ಲಿ 'ಸಿಎಚ್‌ಐ' ಅಂತ ಬರೆದಿತ್ತು. ಯಾರು ಎಲ್ಲಿ ಇಳಿಯಬೇಕು ಅನ್ನೋದಕ್ಕೆ ಗುರುತು. ಮಾವ ನನ್ನ ತೋಳು ತಿವಿದರು. "ಹೇಳೋ, ನಾನೂ ಗಾರ್ಡ್ ಆಗಿದ್ದೆ ಅಂತ." ಹೇಳಿದೆ. ಆ ಮನುಷ್ಯ ಮುಂದೆ ಹೋಗುವವನು ನಿಂತುಬಿಟ್ಟ. ಐವತ್ತೈದು ಅರವತ್ತರ ಪ್ರಾಯ, ಕರಿಯ, ದಪ್ಪ ಮೀಸೆ. ಎಷ್ಟು ವರ್ಷ ಅಂದ. ಮೂವತ್ತನಾಲ್ಕು ಅಂದೆ. ಟೋಪಿ ತೆಗೆದು ಕೈ ಕುಲುಕಿದ. ಮಾವನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತದೆ, ರೈಲ್ವೆ ಇಂಗ್ಲಿಷ್ ಅಂತೂ ಚೆನ್ನಾಗೇ ಬರುತ್ತದೆ. ಸಿಗ್ನಲ್, ಬ್ರೇಕ್, ವ್ಯಾಕ್ಯೂಮ್, ಏರ್ ಪ್ರೆಷರ್ ಅಂತ ಹತ್ತು ನಿಮಿಷ ಇಬ್ಬರೂ ಏನೇನೋ ಮಾತಾಡಿಕೊಂಡರು. ಹೋಗುವಾಗ ಅವನು ಜೇಬಿನಿಂದ ಬರೆಯದ ಚೀಟಿಗಳ ಒಂದು ಕಟ್ಟು ತೆಗೆದು ಎರಡು ಹರಿದು ಕೊಟ್ಟ. ಮಾವ ಅದನ್ನು ಡೈರಿಯೊಳಗೆ ಇಟ್ಟುಕೊಂಡರು.

ಡೈರಿ ಅಂದೆನಲ್ಲ, ಅದೊಂದು ಚಟ. ಪ್ರತಿ ಸ್ಟೇಷನ್ನಿಗೆ ಬಂದದ್ದು ಎಷ್ಟಕ್ಕೆ, ಬಿಟ್ಟದ್ದು ಎಷ್ಟಕ್ಕೆ, ಎಲ್ಲ ಬರೆಯುತ್ತಾರೆ. ಕೈಯಲ್ಲಿ ಹಳೇ ಎಚ್‌ಎಂಟಿ ವಾಚು. ಅದು ಇನ್ನೂ ಅರಸೀಕೆರೆ ಟೈಮಿನಲ್ಲೇ ಇದೆ. ಅತ್ತೆ ಮಾತ್ರೆ ತಗೋಳೋ ಹೊತ್ತು ಗೊತ್ತಾಗಬೇಕಂತೆ. ಹಾಗಾಗಿ ಪ್ರತಿಸಲ ಒಂಬತ್ತೂವರೆ ಗಂಟೆ ಕಳೆದು ಬರೆಯುತ್ತಾರೆ. ಶಿಕಾಗೋದಲ್ಲಿ ಒಂದು ಗಂಟೆ ಹಿಂದೆ, ಅಲ್ಲಿಂದ ಹತ್ತೂವರೆ ಕಳೀಬೇಕು ಅಂದಾಗ ಮಾತ್ರ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

ಬ್ಯಾಟಲ್ ಕ್ರೀಕ್ ಕೆಲಾಗ್ಸ್ ಊರು. ಅಲ್ಲಿ ಗಾಡಿ ನಿಂತಾಗ ಬಾಗಿಲಿನಿಂದ ಹುರಿದ ಧಾನ್ಯದ ವಾಸನೆ ತೆಳ್ಳಗೆ ಬಂತು. ಕೆಲಮಜೂ ದಾಟಿದ ಮೇಲೆ ಗಾಡಿಯ ನಡಿಗೆಯೇ ಬದಲಾಯಿತು. ಅಲ್ಲಿಂದ ಇಂಡಿಯಾನಾದ ಪೋರ್ಟರ್ ತನಕ ಹಳಿ ಇಲ್ಲಿನ ಪ್ಯಾಸೆಂಜರ್ ರೈಲು ಓಡಿಸುವ ಆಮ್ಟ್ರಾಕ್‌ನವರ ಸ್ವಂತದ್ದು, ಗಂಟೆಗೆ 110 ಮೈಲಿ ಓಡಬಹುದು. ಮಾವ ಮಾತು ನಿಲ್ಲಿಸಿ ಕಿಟಕಿಗೆ ಹಣೆ ಒತ್ತಿದರು. ಒಂದು ಮೈಲಿಕಂಬದಿಂದ ಇನ್ನೊಂದಕ್ಕೆ ವಾಚಿನ ಸೆಕೆಂಡ್ ಮುಳ್ಳು ಹಿಡಿದು ಎಣಿಸಿದರು. ಮೂರು ಸಲ ಎಣಿಸಿದರು. "ಮೂವತ್ಮೂರು ಸೆಕೆಂಡು. ಸರಿಯಾಗಿದೆ." ಅದನ್ನು ಹೇಳಿದ ಧಾಟಿಯಲ್ಲಿ ಡ್ರೈವರ್‌ಗೆ ಪರೀಕ್ಷೆ ಪಾಸು ಮಾಡಿಸಿದ ಖುಷಿ ಇತ್ತು.

ಆ ಖುಷಿ ಇಂಡಿಯಾನಾದಲ್ಲಿ ಇಳಿಯಿತು. ಅಲ್ಲಿಂದ ಮುಂದೆ ಹಳಿ ಒಂದು ಸರಕು ಕಂಪನಿಯದು. ಗಾಡಿ ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೊನೆಗೆ ಪಕ್ಕದ ಹಳಿಯ ಮೇಲೆ ಕಂಟೇನರ್ ಹೇರಿಕೊಂಡ ಒಂದು ಗೂಡ್ಸು ಬಂತು. ಡಬ್ಬಿ ಮೇಲೆ ಡಬ್ಬಿ, ಮುಗಿಯೋದೇ ಇಲ್ಲ. ಮಾವ ನೂರಾ ಹದಿನಾಲ್ಕರ ತನಕ ಎಣಿಸಿ ಕೈಬಿಟ್ಟರು. "ಗೂಡ್ಸಿಗೆ ಪ್ಯಾಸೆಂಜರ್ ಕಾಯೋದಾ? ಯಾವ ಲೋಕದ ನ್ಯಾಯ ಇದು?" ನಮ್ಮವರಿಗೆ ಇದೆಲ್ಲ ಮಾಮೂಲು. ಅವರು ಆಗಲೇ ಕೆಫೆ ಡಬ್ಬಿಯಲ್ಲಿ ಸೇರಿಕೊಂಡು ಬಿಯರ್ ತೆಗೆದಿದ್ದರು. ಶಿಕಾಗೋ ಗಾಡಿ ಹಿಡಿಯುವವರು ಸಂಜೆಗೆ ಏನಾದರೂ ಗೊತ್ತುಮಾಡಿಕೊಂಡಿದ್ದರೆ ಒಂದೆರಡು ಗಂಟೆ ಕೈಯಲ್ಲಿಟ್ಟುಕೊಳ್ಳೋದು ಒಳ್ಳೆಯದು. ನಾವು ನಲವತ್ತು ನಿಮಿಷ ಲೇಟು. ಡೈರಿಯಲ್ಲಿ ಅದರ ಕೆಳಗೆ ಎರಡು ಗೀಟು ಬಿತ್ತು.

ಯೂನಿಯನ್ ಸ್ಟೇಷನ್ನಿನ ದೊಡ್ಡ ಹಾಲ್ ನೋಡಿ ಕೋಪ ಇಳಿಯಿತು. 1925ರ ಕಟ್ಟಡ, ತಲೆಯ ಮೇಲೆ ಗಾಜಿನ ಚಾವಣಿ, ಕೆಳಗೆ ಉದ್ದುದ್ದ ಮರದ ಬೆಂಚುಗಳು. ಮಾವ ಒಂದು ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದರು. ಆಮೇಲೆ ಅವರದೇ ಒಂದು ಬೇಡಿಕೆ ಬಂತು. ವಿವೇಕಾನಂದರು ಮಾತಾಡಿದ ಜಾಗ ನೋಡಬೇಕು. ಅದು ಇಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರ. ಮಿಷಿಗನ್ ಅವೆನ್ಯೂದಲ್ಲಿರುವ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ 1893ರ ಸರ್ವಧರ್ಮ ಸಮ್ಮೇಳನ ನಡೆದದ್ದು. ಎದುರಿನ ರಸ್ತೆಯ ಕಂಬದ ಮೇಲೆ 'ಸ್ವಾಮಿ ವಿವೇಕಾನಂದ ವೇ' ಅಂತ ಕಂದು ಬೋರ್ಡು ಇದೆ. ಮಿಷಿಗನ್ ಕೆರೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಮಾವ ಟೋಪಿ ತೆಗೆದು ಬೋರ್ಡಿಗೆ ಕೈಮುಗಿದರು. ಪಕ್ಕದಲ್ಲೇ ಹೋಗುತ್ತಿದ್ದ ಯಾರೋ ನನ್ನ ಅಂಗಿ ನೋಡಿ "ಗೋ ಬ್ಲೂ!" ಅಂತ ನಮ್ಮ ತಂಡದ ಜಯಕಾರ ಕೂಗಿದರು. ಮಾವ ಅವರಿಗೂ ಕೈಮುಗಿದರು.

ರಾತ್ರಿ ಡೀಪ್ ಡಿಶ್ ಪಿಜ್ಜಾ. ಬೇಯೋಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಸಿವಾಗೋ ಮೊದಲೇ ಆರ್ಡರ್ ಮಾಡಿಬಿಡಬೇಕು. ಚೀಸ್ ಕೆಳಗೆ, ಟೊಮೇಟೊ ಸಾಸ್ ಮೇಲೆ. "ಹೂರಣ ಹೊರಗೆ ಹಾಕಿದ ಹೋಳಿಗೆ" ಅಂತ ಮಾವನ ತೀರ್ಪು. ಒಂದೇ ತುಂಡಿಗೆ ಸಾಕು ಅಂದರು. ಅವರಿಗೆ ಹಿಡಿಸಿದ್ದು ಪಕ್ಕದಲ್ಲಿದ್ದ ಜಾರ್ಡಿನೇರಾ. ಮೆಣಸಿನಕಾಯಿ, ಹೂಕೋಸು, ಕ್ಯಾರೆಟ್ಟನ್ನು ಎಣ್ಣೆಯಲ್ಲಿ ಹಾಕಿಟ್ಟ ಶಿಕಾಗೋ ಉಪ್ಪಿನಕಾಯಿ. ಬಟ್ಟಲು ಖಾಲಿ ಮಾಡಿ, ಇನ್ನೊಂದು ಕೇಳು ಅಂದರು.

ಶನಿವಾರ

ಮ್ಯಾಚ್ ಮೂರೂವರೆಗೆ. ನಾರ್ತ್‌ವೆಸ್ಟರ್ನ್ ಇರುವುದು ಶಿಕಾಗೋದ ಉತ್ತರಕ್ಕೆ ಅಂಟಿಕೊಂಡ ಇವಾನ್ಸ್ಟನ್‌ನಲ್ಲಿ. ರೆಡ್ ಲೈನ್ ಹಿಡಿದು ಹೋವರ್ಡ್‌ನಲ್ಲಿ ಇಳಿದು ಪರ್ಪಲ್ ಲೈನಿಗೆ ಬದಲಾಯಿಸಬೇಕು. ಶನಿವಾರ ಪರ್ಪಲ್ ಗಾಡಿ ಹೋವರ್ಡ್‌ನಿಂದಲೇ ಶುರು, ಊರೊಳಗೆ ಬರೋದಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಹಳದಿ ಜನ ಹತ್ತುತ್ತಲೇ ಇದ್ದರು. ನಮ್ಮ ಯೂನಿವರ್ಸಿಟಿಯಲ್ಲಿ ಓದಿ ಶಿಕಾಗೋದಲ್ಲಿ ಕೆಲಸಕ್ಕಿರುವವರು ಅಷ್ಟೊಂದು. ಮೂಲೆಯಲ್ಲಿ ನಾರ್ತ್‌ವೆಸ್ಟರ್ನ್ ಬಣ್ಣದ ನೇರಳೆ ಅಂಗಿ ಹಾಕಿದ ಒಂದು ಸಂಸಾರ, ತಮ್ಮ ಊರಿನ ಗಾಡಿಯಲ್ಲೇ ನೆಂಟರ ಹಾಗೆ ಮುದುಡಿ ಕೂತಿತ್ತು.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ಹದಿನೈದು ನಿಮಿಷ. ಸುಮ್ನೆ ಜನರ ಹಿಂದೆ ನಡೆದರಾಯಿತು. ಎರಡೂ ಕಡೆ ದೊಡ್ಡ ಮರಗಳು, ಹಳೇ ಮನೆಗಳು. ಅಂಗಳದಲ್ಲಿ ಒಲೆ ಹಚ್ಚಿ ಮಾಂಸ ಸುಡುತ್ತಿದ್ದರು. ನೇರಳೆಯವರು ನಮ್ಮನ್ನು ಬೈಯಬಹುದು ಅಂತ ಮಾವನಿಗೆ ಅಳುಕಿತ್ತು. ಬೈಯೋದಿರಲಿ, ಒಬ್ಬ ಹೆಂಗಸು ಬೇಲಿಯಿಂದಾಚೆ ಕೈ ಚಾಚಿ ಬಿಸಿ ಸೈಡರ್, ಅಂದರೆ ಸೇಬಿನ ರಸ, ಕೊಟ್ಟಳು. ಗೇಟಿನಲ್ಲಿ ಮಾತ್ರ ಪೇಚಾಟ. ಮಾವನ ಬಟ್ಟೆ ಚೀಲದಲ್ಲಿ ಕೋಡುಬಳೆ ಡಬ್ಬಿ. ಚೀಲವನ್ನೂ ಬಿಡಲ್ಲ, ತಿಂಡಿಯನ್ನೂ ಬಿಡಲ್ಲ ಅಂದರು. ತಪ್ಪು ನನ್ನದೇ, ಮೊದಲೇ ಹೇಳಬೇಕಿತ್ತು. ಇಲ್ಲಿ ಮ್ಯಾಚಿಗೆ ಬರುವಾಗ ಕೈ ಬೀಸಿಕೊಂಡು ಬರೋದೇ ವಾಸಿ. ಕಾಲುದಾರಿಯಲ್ಲೇ ನಿಂತು ಇಪ್ಪತ್ತೆರಡು ಜನ ಕೋಡುಬಳೆ ಖಾಲಿ ಮಾಡಿದೆವು. ಖಾರ ಹತ್ತಿ ಒಬ್ಬನ ಕಣ್ಣಲ್ಲಿ ನೀರು.

ಅವರ ಸ್ಟೇಡಿಯಂ ರಯಾನ್ ಫೀಲ್ಡ್ ಆಗ ನಮ್ಮದರ ಅರ್ಧವೂ ಇರಲಿಲ್ಲ, 47,000 ಸೀಟು. ಒಳಗೆ ನೋಡಿದರೆ ನೇರಳೆಯಷ್ಟೇ ಹಳದಿ. ನಮ್ಮ ಪಕ್ಕದಲ್ಲಿ ಒಬ್ಬ ಮುದುಕ ಕೂತಿದ್ದ, ಮೈಪೂರ್ತಿ ನೇರಳೆ. ಆಟ ಶುರುವಾಗೋ ಹೊತ್ತಿಗೆ ಜೇಬಿನಿಂದ ಕೀ ಗೊಂಚಲು ತೆಗೆದು ಗಲಗಲ ಅಲ್ಲಾಡಿಸಿದ. ನೋಡಿದರೆ ಅವರ ಹುಡುಗರೆಲ್ಲ ಅದನ್ನೇ ಮಾಡುತ್ತಿದ್ದಾರೆ. ಚೆಂಡು ಒದೆಯುವಾಗ ಕೀ ಅಲ್ಲಾಡಿಸೋದು ಅವರ ಪದ್ಧತಿ. ನಾನು ತಿರುಗುವಷ್ಟರಲ್ಲಿ ಮಾವನೂ ಶುರುಮಾಡಿದ್ದರು. ಅರಸೀಕೆರೆ ಮನೆಯ ಕೀ, ಬೀರುವಿನ ಕೀ, ಬಚ್ಚಲ ಹಂಡೆ ಕೋಣೆಯ ತುಕ್ಕು ಹಿಡಿದ ಬೀಗದ ಕೀ, ಎಲ್ಲ ಒಂದು ಕೆಂಪು ದಾರದಲ್ಲಿ. ತಲೆ ಮೇಲೆ ನಮ್ಮ ಟೋಪಿ, ಕೈಯಲ್ಲಿ ಅವರ ತಂಡಕ್ಕೆ ಕೀ. ಮುದುಕ ಬಿದ್ದುಬಿದ್ದು ನಕ್ಕ.

ಆಟ ವಿವರಿಸಿದೆ. ನಾಲ್ಕು ಅವಕಾಶ, ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. "ಬ್ಲಾಕ್ ಸೆಕ್ಷನ್ನು" ಅಂದರು ಮಾವ ತಕ್ಷಣ. "ಹತ್ತು ಗಜ ದಾಟಿದ್ರೆ ಲೈನ್ ಕ್ಲಿಯರ್. ಇಲ್ಲದಿದ್ರೆ ಎದುರುಗಡೆ ಗಾಡಿಗೆ ದಾರಿ." ಹದಿನೈದು ವರ್ಷದಲ್ಲಿ ಈ ಆಟವನ್ನು ಇಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿರಲಿಲ್ಲ. ಆಟಗಾರ ತಪ್ಪು ಮಾಡಿದ ಅಂತ ಅಂಪೈರ್ ಹಳದಿ ಬಾವುಟ ಎಸೆದಾಗ ಮಾತ್ರ ಅವರಿಗೆ ಸರಿಬರಲಿಲ್ಲ. "ಬಾವುಟ ಎಸೀತಾರಾ? ನಾನು ಎಸೆದಿದ್ರೆ ಚಾರ್ಜ್‌ಶೀಟ್ ಕೊಡ್ತಿದ್ರು."

ಬಾವುಟ ನಮ್ಮ ಮೇಲೇ ಜಾಸ್ತಿ ಬಿದ್ದವು. ಹಿಂದಿನ ವಾರ ನೆಬ್ರಾಸ್ಕಾವನ್ನು 56–10ರಿಂದ ಚಚ್ಚಿದ್ದ ತಂಡ ಇದೇನಾ ಅನ್ನಿಸಿತು. ನೋಡನೋಡುತ್ತಿದ್ದ ಹಾಗೆ 17–0. ನಾವು ಸೊನ್ನೆ. ಹಳದಿ ಜನ ಉಸಿರೆತ್ತುತ್ತಿಲ್ಲ. ಗುಂಪಿನಲ್ಲಿ ಯಾರೋ ಮೆಲ್ಲಗೆ ಹೇಳಿದರು, ಅಂಕಲ್ ಆ ಕೀ ಒಳಗಿಟ್ಟರೆ ಒಳ್ಳೆಯದಿತ್ತು. ತಮಾಷೆಗೇ ಹೇಳಿದ್ದು. ಆದರೆ ಮುಂದಿನ ಸಾಲಿನವರೂ ತಿರುಗಿ ನೋಡಿ ತಲೆಯಾಡಿಸಿದರು. ಇಂಜಿನಿಯರಿಂಗ್ ಓದಿದವರೇ ಎಲ್ಲ! ಮಾವ ಗಂಭೀರವಾಗಿ ಕೀ ಗೊಂಚಲನ್ನು ಒಳ ಅಂಗಿಯ ಜೇಬಿಗೆ ಹಾಕಿ ಮೇಲೆ ಗುಂಡಿ ಹಾಕಿದರು.

ಆಮೇಲೆ ನಾರ್ತ್‌ವೆಸ್ಟರ್ನ್ ಒಂದೇ ಒಂದು ಪಾಯಿಂಟ್ ಮಾಡಲಿಲ್ಲ. ನಾವು ಒಂದು ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸೋದು), ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಒದೆಯೋದು) ಅಂತ ಇರುವೆ ನಡೆದ ಹಾಗೆ ನಡೆದೆವು. ಬಿಸಿಲು ಇಳಿಯಿತು. ಕೆರೆ ಗಾಳಿ ಬೆಂಚಿನ ಕೆಳಗಿನಿಂದ ಬರುತ್ತಿತ್ತು. ಮಾವನಿಗೆ ನನ್ನ ಜಾಕೆಟ್ ಕೊಟ್ಟು ನಾನು ನಡುಗುತ್ತಿದ್ದೆ. ಕೊನೆಯ ನಾಲ್ಕು ನಿಮಿಷ ಉಳಿದಿದ್ದಾಗ ನಮ್ಮ ಕ್ಯಾರನ್ ಹಿಗ್ಡನ್ ಚೆಂಡು ಅವುಚಿಕೊಂಡು ಗೆರೆ ದಾಟಿದ. 20–17. ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬಿದ್ದೆವು. ಪಕ್ಕದ ಮುದುಕ ಎದ್ದು ನಿಂತು ಮಾವನ ಎದೆಯ ಜೇಬನ್ನು ಬೆರಳಿನಿಂದ ತಟ್ಟಿ, ಅದನ್ನು ಹೊರಗೆ ತೆಗೀಬೇಕಿತ್ತು ನೀನು ಅಂದ.

ನಿಜವಾದ ಗಾಬರಿ ಆಮೇಲೆ ಆಯಿತು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಮೆಟ್ಟಿಲ ತನಕ ಜನ. ಅಂತೂ ಮೇಲೆ ಹತ್ತಿ, ಒಂದು ಗಾಡಿ ಬಂದು ಹೋದ ಮೇಲೆ ಎಣಿಸಿದರೆ ಇಪ್ಪತ್ತೊಂದೇ ಜನ. ಮಾವ ಇಲ್ಲ. ಅವರ ಹತ್ತಿರ ಫೋನಿದೆ, ಆದರೆ ಅದು ಹೋಟೆಲ್ ರೂಮಿನಲ್ಲಿ ಚಾರ್ಜಿಗೆ ಹಾಕಿದೆ. ನನ್ನ ಕೈಕಾಲು ತಣ್ಣಗಾದವು. ಅತ್ತೆಗೆ ಏನು ಹೇಳಲಿ? ಒಬ್ಬರು ಕೆಳಗೆ ಓಡಿದರು, ಒಬ್ಬರು ಪೊಲೀಸರ ಹತ್ತಿರ ಹೋದರು. ಅಷ್ಟರಲ್ಲಿ ಉತ್ತರ ದಿಕ್ಕಿನಿಂದ ಮುಂದಿನ ಗಾಡಿ ಬಂತು. ಬಾಗಿಲು ತೆಗೆದರೆ, ಕಿಟಕಿ ಪಕ್ಕದ ಸೀಟಿನಲ್ಲಿ ಮಾವ. ಆರಾಮಾಗಿ ಕಾಲು ಚಾಚಿ ಕೂತಿದ್ದಾರೆ. ಪಕ್ಕದ ಸೀಟಿನ ಮೇಲೆ ಟೋಪಿ ಇಟ್ಟು ನನಗೆ ಜಾಗ ಹಿಡಿದಿದ್ದಾರೆ.

ನೂಕುನುಗ್ಗಲಿನಲ್ಲಿ ಎದುರು ದಿಕ್ಕಿನ ಗಾಡಿ ಹತ್ತಿಬಿಟ್ಟಿದ್ದರು. ಆ ಕಡೆ ಇರುವುದು ಇನ್ನೊಂದೇ ಸ್ಟೇಷನ್, ಲಿಂಡೆನ್. "ಹೆದರಲಿಲ್ವಾ ಮಾವ?" ಅಂದೆ. "ಯಾತಕ್ಕೆ? ಮ್ಯಾಪು ಬಾಗಿಲ ಮೇಲೇ ಇದೆ. ಕಡೇ ಸ್ಟೇಷನ್ನಿಗೆ ಹೋದ ಗಾಡಿ ವಾಪಸ್ ಬರಲೇಬೇಕಲ್ಲೋ." ಇಲ್ಲಿ ಮ್ಯಾಚಿಗೆ ಬರುವವರು ಇದನ್ನು ನೆನಪಿಟ್ಟುಕೊಳ್ಳಿ. ಒಂದು ಸ್ಟೇಷನ್ ಹಿಂದಕ್ಕೆ ಹೋಗಿ ಕೂತು ಬಂದರೆ ಸೀಟು ಗ್ಯಾರಂಟಿ. ಉಳಿದ ಇಪ್ಪತ್ತು ಜನ ಹೋವರ್ಡ್ ತನಕ ಕಂಬ ಹಿಡಿದು ನೇತಾಡಿಕೊಂಡು ಬಂದರು.

ಭಾನುವಾರ

ಬೆಳಿಗ್ಗೆ ಡೆವಾನ್ ಅವೆನ್ಯೂಗೆ ಹೋಗಿ ದೋಸೆ ತಿನ್ನೋದು ಅಂತ ಪ್ಲಾನ್ ಇತ್ತು. ಗಾಂಧಿ ಮಾರ್ಗ ಅಂತ ಬೋರ್ಡ್ ಇರುವ, ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ಬೀದಿ. ನಾವು ಒಂಬತ್ತಕ್ಕೇ ಹೋದೆವು. ಹೋಟೆಲುಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ, ಕಸ ಗುಡಿಸುತ್ತಿದ್ದರು. ಭಾನುವಾರ ಅಲ್ಲಿಗೆ ಹನ್ನೊಂದರ ಮೊದಲು ಹೋಗಬಾರದು. ಕಾದೆವು. ಬಾಗಿಲು ತೆಗೆದ ಕೂಡಲೇ ಮೊಸರನ್ನ, ವಡೆ ಪಾರ್ಸೆಲ್ ಕಟ್ಟಿಸಿಕೊಂಡು ಟ್ಯಾಕ್ಸಿಯಲ್ಲಿ ಸ್ಟೇಷನ್ನಿಗೆ ಓಡಿದೆವು. ಮಧ್ಯಾಹ್ನದ ಗಾಡಿ ಸಿಕ್ಕಿತು, ಆದರೆ ಒಟ್ಟಿಗೆ ಸೀಟು ಸಿಗಲಿಲ್ಲ.

ಗಾಡಿಯ ತುಂಬ ಗಂಟಲು ಕೆಟ್ಟ ಜನ. ಉಕ್ಕಿನ ಕಾರ್ಖಾನೆಗಳೆಲ್ಲ ಹಿಂದೆ ಸರಿದು ಮತ್ತೆ ಜೋಳದ ಹೊಲ ಶುರುವಾಗುವಾಗ ಹಿಂದಿನ ಸಾಲಿನಲ್ಲಿ ಯಾರೋ ನಮ್ಮ ಯೂನಿವರ್ಸಿಟಿಯ ಹಾಡು ಎತ್ತಿಕೊಂಡರು. 'ದಿ ವಿಕ್ಟರ್ಸ್'. ಅದರ ಕಥೆ ಮಾವನಿಗೆ ಹೇಳಿದೆ. 1898ರಲ್ಲಿ ಮಿಷಿಗನ್ ತಂಡ ಇದೇ ಶಿಕಾಗೋಗೆ ಬಂದು ಶಿಕಾಗೋ ಯೂನಿವರ್ಸಿಟಿಯನ್ನು 12–11ರಿಂದ ಸೋಲಿಸಿತ್ತು. ಆಟ ನೋಡಿದ ಲೂಯಿ ಎಲ್ಬೆಲ್ ಅನ್ನೋ ವಿದ್ಯಾರ್ಥಿಯ ತಲೆಯಲ್ಲಿ ಈ ಧಾಟಿ ಹುಟ್ಟಿತು. ಆನ್ ಆರ್ಬರ್‌ಗೆ ವಾಪಸಾಗುವ ರೈಲಿನಲ್ಲೇ ಅದಕ್ಕೆ ರೂಪ ಕೊಟ್ಟ ಅಂತ ಕಥೆ. ಅವರೂ ಒಂದೇ ಪಾಯಿಂಟಿನಲ್ಲಿ ಗೆದ್ದವರು, ನಾವು ಮೂರರಲ್ಲಿ. ಮಾವ ಸ್ವಲ್ಪ ಹೊತ್ತು ಕೇಳಿದರು. ಬೆರಳಿನಿಂದ ಕಿಟಕಿ ಚೌಕಟ್ಟಿನ ಮೇಲೆ ತಾಳ ಹಾಕಿದರು. "ಹಳಿ ಜಾಯಿಂಟಿನ ಲಯ ಇದು" ಅಂದರು. "ಆಗ ವೆಲ್ಡ್ ಮಾಡಿದ ಹಳಿ ಇರಲಿಲ್ಲವಲ್ಲ. ಕಟಕಟ, ಕಟಕಟ ಅನ್ನೋದು. ಅವನು ಅದನ್ನೇ ಕೇಳಿಸಿಕೊಂಡಿದ್ದಾನೆ." ನಿಜವೋ ಸುಳ್ಳೋ, ಈಗ ಆ ಹಾಡು ಕೇಳಿದಾಗಲೆಲ್ಲ ನನಗೂ ಹಾಗೇ ಕೇಳುತ್ತದೆ.

ಮೊಸರನ್ನ ನೈಲ್ಸ್ ಹತ್ತಿರ ಮುಗಿಯಿತು. ಕೆಲಮಜೂದಲ್ಲಿ ಮಾವ ನಿದ್ದೆ ಹೋದರು. ಜ್ಯಾಕ್ಸನ್‌ನಲ್ಲಿ ಎದ್ದು ಡೈರಿ ತೆಗೆದರು, ಎರಡು ಸ್ಟೇಷನ್ ತಪ್ಪಿಹೋಯಿತಲ್ಲ ಅಂತ ಪೇಚಾಡಿದರು. ಕತ್ತಲಾಗುವ ಹೊತ್ತಿಗೆ ಹ್ಯೂರಾನ್ ಹೊಳೆ ಮತ್ತೆ ಬಂತು.

ಇಳಿಯೋಕೆ ಬಾಗಿಲ ಹತ್ತಿರ ನಿಂತಿದ್ದಾಗ ನಮ್ಮ ಗುಂಪಿನ ಲೀಡರ್ ಮಾವನ ಹೆಗಲು ತಟ್ಟಿ, ನವೆಂಬರ್ 24ಕ್ಕೆ ಓಹಾಯೋ ಸ್ಟೇಟ್ ಮ್ಯಾಚು, ಕೊಲಂಬಸ್‌ನಲ್ಲಿ, ಬರಲೇಬೇಕು ಅಂದ. ಅದು ನಮಗೆ ವರ್ಷದ ಎಲ್ಲಕ್ಕಿಂತ ದೊಡ್ಡ ಮ್ಯಾಚು.

"ಆ ಊರಿಗೆ ಗಾಡಿ ಎಷ್ಟೊತ್ತಿಗೆ?" ಅಂತ ಮಾವ ನನ್ನನ್ನು ಕೇಳಿದರು.

ಗಾಡಿ ಇಲ್ಲ ಮಾವ, ಅಲ್ಲಿಗೆ 1979ರಿಂದ ಪ್ಯಾಸೆಂಜರ್ ರೈಲೇ ಇಲ್ಲ, ಕಾರಲ್ಲೇ ಹೋಗೋದು ಅಂದೆ.

ಮಾವ ಡೈರಿ ಮುಚ್ಚಿ ಜೇಬಿಗೆ ಹಾಕಿಕೊಂಡರು. "ಹಂಗಾದ್ರೆ ನೀವೇ ಹೋಗಿ ಬನ್ನಿ ಬಿಡು" ಅಂದು, ಕಾಲಿನಿಂದ ಸ್ಟೂಲು ಅಲ್ಲಾಡಿಸಿ ನೋಡಿ, ಇಳಿದರು.